ಕೈಹೆಣಿಗೆಯ ಉಡುಗೊರೆ: ಕೈಗೆ ಸಲ್ಲಬೇಕಾದ ಕೂಲಿಯ ಪ್ರಶ್ನೆ

ಆಗಮನ ಕಾಲದ ಮೊದಲ ಭಾನುವಾರ ಕಳೆಯುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಸಭಾಭವನಗಳಲ್ಲಿಯೂ ನಗರದ ಮಾರಾಟ ಮೇಳಗಳಲ್ಲಿಯೂ ಕೈಯಿಂದ ಮಾಡಿದ ಉಡುಗೊರೆಗಳ ಮೇಜುಗಳು ಸಾಲುಗಟ್ಟುತ್ತವೆ. ಉಣ್ಣೆಯ ಕುಲಾವಿ, ಎಳೆಮಗುವಿನ ಕಾಲುಚೀಲ, ಕ್ರೋಶಾ ಕಡ್ಡಿಯಲ್ಲಿ ಹೆಣೆದ ನಕ್ಷತ್ರ, ಕಸೂತಿ ಹಾಕಿದ ಕರವಸ್ತ್ರ, ಹತ್ತಿಬಟ್ಟೆಯ ಕೈಚೀಲ, ಗೋದಲಿಯಲ್ಲಿ ಇಡಲು ನೂಲಿನ ಪುಟ್ಟ ಕುರಿ. ಪ್ರತಿಯೊಂದರ ಮೇಲೂ ‘ಕೈಯಿಂದ ಮಾಡಿದ್ದು’ ಎಂಬ ಚೀಟಿ. ಕೆಲವು ವರ್ಷಗಳಿಂದ ಈ ಚೀಟಿಗೆ ಬಂದಿರುವ ಬೆಲೆ ಸಾಮಾನ್ಯವಾದುದಲ್ಲ. ದೊಡ್ಡ ಅಂಗಡಿಗಳೂ ಅದನ್ನೇ ಅಂಟಿಸಿಕೊಂಡು ಮಾರುತ್ತಿವೆ. ಆದರೆ ಆ ಕೈ ಯಾರದು, ಎಷ್ಟು ಹೊತ್ತು ದುಡಿಯಿತು, ಅದಕ್ಕೆ ಸಂದದ್ದೇನು ಎಂಬುದನ್ನು ಚೀಟಿ ಹೇಳುವುದಿಲ್ಲ. ಕೊಳ್ಳುವವರು ಕೇಳುವುದೂ ಇಲ್ಲ.

ಕೇಳಬೇಕಾದ ಕಾಲ ಈಗ ಬಂದಿದೆ. 2025ರ ಉತ್ತರಾರ್ಧದಲ್ಲಿ ಸೂಜಿ-ನೂಲಿನ ಕಸುಬಿಗೆ ನೇರವಾಗಿ ತಗಲುವ ಮೂರು ಬೆಳವಣಿಗೆಗಳು ಒಂದರ ಬೆನ್ನಿಗೊಂದು ನಡೆದುಹೋದವು. ಆಗಸ್ಟ್ 27ರಂದು ಅಮೆರಿಕವು ಭಾರತದ ಬಹುಪಾಲು ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಕ್ರಿಸ್ಮಸ್ ಮಾರಾಟವನ್ನೇ ನೆಚ್ಚಿಕೊಂಡಿದ್ದ ತಿರುಪ್ಪೂರಿನ ಹೆಣಿಗೆ ಉಡುಪಿನ ಕಾರ್ಖಾನೆಗಳು ಬೇಡಿಕೆಯಿಲ್ಲದೆ ಕಂಗೆಟ್ಟವು. ದೂರದ ದೇಶವೊಂದರ ಕ್ರಿಸ್ಮಸ್ ಮರದಡಿ ಇಡಬೇಕಾಗಿದ್ದ ಉಡುಪು ತಮಿಳುನಾಡಿನ ಕಾರ್ಮಿಕಳ ಅಡುಗೆಮನೆಯ ಮಾತಾಯಿತು. ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ಕೃತಕ ನಾರಿನ ನೂಲಿನ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. 2,500 ರೂಪಾಯಿವರೆಗಿನ ಸಿದ್ಧ ಉಡುಪುಗಳಿಗೂ ಶೇ. 5 ಎಂದಾಯಿತು. ಮನೆಯಲ್ಲಿ ಸ್ವೆಟರ್ ಹೆಣೆಯುವ ಹೆಂಗಸಿಗೆ ನೂಲು ತುಸು ಅಗ್ಗವಾಯಿತೆನ್ನುವಾಗಲೇ, ಅವಳ ಸ್ವೆಟರಿಗೆ ಪೈಪೋಟಿ ಕೊಡುವ ಕಾರ್ಖಾನೆಯ ಸ್ವೆಟರೂ ಅಗ್ಗವಾಯಿತು. ಮೂರನೆಯದು ಎಲ್ಲಕ್ಕಿಂತ ದೂರಗಾಮಿಯಾದುದು. ನವೆಂಬರ್ 21ರಂದು, ಕ್ರಿಸ್ತರಾಜರ ಹಬ್ಬಕ್ಕೆ ಎರಡೇ ದಿನ ಮುಂಚೆ, ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು.

ಈ ನಾಲ್ಕರಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು ‘ಮನೆಯಾಧಾರಿತ ಕಾರ್ಮಿಕ’ರೆಂದರೆ ಯಾರು ಎಂಬುದಕ್ಕೆ ವ್ಯಾಖ್ಯೆ ನೀಡುತ್ತದೆ. ಮಾಲೀಕನ ಕಾರ್ಯಸ್ಥಳದಲ್ಲಿ ಅಲ್ಲದೆ ತನ್ನ ಮನೆಯಲ್ಲಿಯೋ ತಾನು ಆಯ್ದುಕೊಂಡ ಜಾಗದಲ್ಲಿಯೋ ಕುಳಿತು, ಸಂಭಾವನೆಗಾಗಿ ಮಾಲೀಕನಿಗೆ ವಸ್ತುಗಳನ್ನು ತಯಾರಿಸಿಕೊಡುವ ವ್ಯಕ್ತಿಯೇ ಮನೆಯಾಧಾರಿತ ಕಾರ್ಮಿಕ; ನೂಲನ್ನೂ ಸೂಜಿಯನ್ನೂ ಮಾಲೀಕನೇ ಕೊಟ್ಟನೋ ಇಲ್ಲವೋ ಎಂಬುದು ಮುಖ್ಯವಲ್ಲ. ಕಾನೂನಿನ ಪುಸ್ತಕದಲ್ಲಿ ಹೆಸರು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹೆಸರಿನ ಹಿಂದೆ ಬರುವುದು ಕಲ್ಯಾಣ ಯೋಜನೆಗಳ ಭರವಸೆಯೇ ಹೊರತು ಕೂಲಿಯ ಹಕ್ಕಲ್ಲ. ಜೀವವಿಮೆ, ಆರೋಗ್ಯ, ಹೆರಿಗೆ, ವೃದ್ಧಾಪ್ಯ ಇವುಗಳಿಗೆ ಸರಕಾರ ಯೋಜನೆ ರೂಪಿಸಬಹುದು. ಅದಕ್ಕೆ ಆಧಾರ್ ಸಂಖ್ಯೆಯೊಡನೆ ನೋಂದಾಯಿಸಿಕೊಳ್ಳಬೇಕು. ಇದಕ್ಕಾಗಿ ‘ಇ-ಶ್ರಮ್’ ನೋಂದಣಿ 2021ರ ಆಗಸ್ಟ್ ತಿಂಗಳಲ್ಲಿಯೇ ಆರಂಭವಾಗಿ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರು ಅದರಲ್ಲಿ ಹೆಸರು ಬರೆಸಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು. ನಮ್ಮ ಧರ್ಮಕೇಂದ್ರದ ಹೊಲಿಗೆಯ ತಾಯಂದಿರು ಎಷ್ಟು ಮಂದಿ ಅದರಲ್ಲಿದ್ದಾರೆ? ವಾಳೆಯ ಗುರಿಕಾರರು ಒಂದು ಸಂಜೆ ವಿಚಾರಿಸಿದರೆ ತಿಳಿಯುವ ವಿಷಯ ಇದು.

ಕರಾವಳಿಯ ಓದುಗರಿಗೆ ಈ ವ್ಯತ್ಯಾಸವನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಯ ಜಗಲಿಯ ಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರೂ ಮನೆಯಾಧಾರಿತ ಕಾರ್ಮಿಕರೇ. ಅವರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ನಿಗದಿಯಾದ ಮಜೂರಿ ಇದೆ. ಭವಿಷ್ಯನಿಧಿಯಿದೆ, ಬೋನಸ್ಸಿದೆ, ಕಲ್ಯಾಣನಿಧಿಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನವಿದೆ. ಇವೆಲ್ಲ ಆಕಾಶದಿಂದ ಉದುರಿದವಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಉದ್ಯಮಗಳಲ್ಲಿ ನಮ್ಮ ಮಂಗಳೂರಿನದೂ ಒಂದು. 1974ರಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಬೀಡಿಯ ಹೊಗೆಯಿಂದಲೂ ಹೊಗೆಸೊಪ್ಪಿನ ಧೂಳಿನಿಂದಲೂ ಆಗಿರುವ ಕೇಡನ್ನು ಬಲ್ಲವರಾರೂ ಆ ಕಸುಬನ್ನು ಹೊಗಳಲಾರರು. ಆದರೂ ಯೋಚಿಸಬೇಕಾದ ಮಾತೊಂದಿದೆ: ಒಂದೇ ಬೇಲಿಯ ಆಚೆ ಈಚೆ ಇರುವ ಎರಡು ಮನೆಗಳಲ್ಲಿ ಬೀಡಿ ಕಟ್ಟುವವಳಿಗೆ ಭವಿಷ್ಯನಿಧಿಯ ಸಂಖ್ಯೆಯಿದೆ, ಮಗುವಿಗೆ ಅಂಗಿ ಹೊಲಿಯುವವಳಿಗೆ ಏನೂ ಇಲ್ಲ.

ಹೊಲಿಗೆಯವರ ಪರವಾಗಿಯೂ ಒಂದು ಹಳೆಯ ತೀರ್ಪು ಇದೆ. 1973ರಲ್ಲಿ ದರ್ಜಿ ಅಂಗಡಿಯೊಂದರ ಮೊಕದ್ದಮೆಯಲ್ಲಿ ಕೇರಳದ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು, ತುಂಡು ಲೆಕ್ಕದಲ್ಲಿ ಕೂಲಿ ಪಡೆಯುವ ಮಾತ್ರಕ್ಕೆ, ಆಗೊಮ್ಮೆ ಈಗೊಮ್ಮೆ ಬಟ್ಟೆಯನ್ನು ಮನೆಗೆ ಒಯ್ದು ಹೊಲಿಯುವ ಮಾತ್ರಕ್ಕೆ ದರ್ಜಿಯು ಕಾರ್ಮಿಕನಲ್ಲ ಎನ್ನಲಾಗದೆಂದು ತೀರ್ಮಾನಿಸಿದರು. ಐವತ್ತು ವರ್ಷಗಳ ಮೇಲಾದರೂ ಆ ತರ್ಕವು ಮನೆಯಿಂದಲೇ ಹೊಲಿಯುವ ಹೆಂಗಸಿನವರೆಗೆ ಬಂದು ಮುಟ್ಟಲಿಲ್ಲ. ಏಕೆಂದರೆ ಅವಳಿಗೆ ಒಬ್ಬ ಮಾಲೀಕನಿಲ್ಲ. ಇಂದು ಮಧ್ಯವರ್ತಿಯೊಬ್ಬ ಬಟ್ಟೆಯ ಗಂಟು ತಂದು ಹಾಕುತ್ತಾನೆ, ನಾಳೆ ನೆರೆಮನೆಯಾಕೆ ರವಿಕೆ ಕೊಡುತ್ತಾಳೆ, ಡಿಸೆಂಬರಿನಲ್ಲಿ ಧರ್ಮಕೇಂದ್ರದ ಮೇಳಕ್ಕೆಂದು ಐವತ್ತು ಚೀಲ ಬೇಕಾಗುತ್ತವೆ. ಅವಳು ಯಾರ ನೌಕರಳು? 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದ ಉತ್ಪಾದಕರ ಬಗೆಗೆ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಹಿಂದೆ ಶ್ರಮಿಸಿದವರಲ್ಲಿ ನಮ್ಮವರೇ ಆದ ಇಳಾ ಭಟ್ ಮತ್ತು ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಪ್ರಮುಖರು. ವಿಪರ್ಯಾಸವೆಂದರೆ ಆ ಒಡಂಬಡಿಕೆಗೆ ಭಾರತದ ಅನುಮೋದನೆ ಇನ್ನೂ ದೊರೆತಿಲ್ಲ.

ಈಗ ಸ್ವಲ್ಪ ಲೆಕ್ಕ. ಒಂದು ವರ್ಷದ ಮಗುವಿಗೆ ಕೈಯಿಂದ ಸ್ವೆಟರ್ ಹೆಣೆಯಬೇಕೆಂದರೆ ನುರಿತ ಕೈಗೂ 25 ಗಂಟೆಯ ಹತ್ತಿರ ಬೇಕು. ನೂಲಿಗೂ ಗುಂಡಿಗೂ 200 ರೂಪಾಯಿ ಎನ್ನೋಣ. ಮೇಳದ ಮೇಜಿನ ಮೇಲೆ ಅದಕ್ಕೆ 700 ರೂಪಾಯಿ ಎಂದು ಬರೆದರೆ ನಮ್ಮಲ್ಲಿ ಹತ್ತರಲ್ಲಿ ಏಳು ಮಂದಿ ಮುಖ ಸಿಂಡರಿಸುತ್ತಾರೆ. ಇದೇ ಬಣ್ಣದ್ದು ಪೇಟೆಯಲ್ಲಿ 350ಕ್ಕೆ ಸಿಗುತ್ತದೆಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ. 700ಕ್ಕೇ ಮಾರಿತೆಂದಿಟ್ಟುಕೊಳ್ಳಿ. ನೂಲಿನ ಹಣ ಕಳೆದು ಉಳಿದ 500 ರೂಪಾಯಿಯನ್ನು 25 ಗಂಟೆಗೆ ಹಂಚಿದರೆ ಗಂಟೆಗೆ 20. ಎಂಟು ಗಂಟೆಯ ದಿನಕ್ಕೆ 160 ರೂಪಾಯಿ. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ತಳಮಟ್ಟದ ಕನಿಷ್ಠ ಕೂಲಿಯೇ ದಿನಕ್ಕೆ 178 ರೂಪಾಯಿ. ಅದು ತೀರ ಕಡಿಮೆಯೆಂದು ಅಂದೇ ಟೀಕೆಗೆ ಗುರಿಯಾಗಿತ್ತು. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೇ ಸಾಲಿಗೆ ಕರ್ನಾಟಕದಲ್ಲಿ ಮಣ್ಣು ಹೊರುವವರಿಗೆ ಗೊತ್ತುಪಡಿಸಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಆ ದರವನ್ನೇ ಹಿಡಿದರೂ ನಮ್ಮ ಪುಟ್ಟ ಸ್ವೆಟರಿನ ನ್ಯಾಯವಾದ ಬೆಲೆ 1,350 ರೂಪಾಯಿ ದಾಟುತ್ತದೆ. ಮೇಳದ ಖರ್ಚಿಗೆಂದು ಶೇ. 10ನ್ನು ಹಿಡಿದುಕೊಳ್ಳುವ ಪದ್ಧತಿ ಇರುವಲ್ಲಿ ಆ 160 ರೂಪಾಯಿಯೂ 138ಕ್ಕೆ ಇಳಿಯುತ್ತದೆ.

ಪೇಟೆಯ 350 ರೂಪಾಯಿಯ ಸ್ವೆಟರ್ ಯಂತ್ರದ್ದಲ್ಲವೆ, ಅದರ ಜೊತೆ ಹೋಲಿಕೆಯೇಕೆ ಎಂದು ಕೇಳಬಹುದು. ಸ್ವೆಟರಿನ ಮಟ್ಟಿಗೆ ಅದು ಸರಿಯಾದ ಮಾತು. ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಷ್ಟು ಹಿಂದೆಯೇ ಕಟ್ಟಿದ್ದನು. ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರ ಕಲಿತು ನಾಲ್ಕು ಶತಮಾನ ಮೀರಿತು. ಆದರೆ ಒಂದೇ ಕೊಕ್ಕೆಕಡ್ಡಿಯ ಕ್ರೋಶಾ ಹೆಣಿಗೆಯ ಕಥೆ ಬೇರೆ. ಅದನ್ನು ಯಥಾವತ್ತಾಗಿ ಹೆಣೆಯುವ ಯಂತ್ರ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಅದರ ಹೋಲಿಕೆಯ ಬಟ್ಟೆಯನ್ನು ನೇಯುವ ಯಂತ್ರಗಳಿವೆ, ಅಷ್ಟೆ. ಆದ್ದರಿಂದ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ನಿಜವಾದ ಕ್ರೋಶಾದ ಚೀಲವೋ ಟೊಪ್ಪಿಗೆಯೋ ಸಿಕ್ಕಿದರೆ, ಅದನ್ನು ಎಲ್ಲಿಯೋ ಒಬ್ಬ ಹೆಂಗಸು ತನ್ನ ಬೆರಳುಗಳಿಂದಲೇ ಹೆಣೆದಿದ್ದಾಳೆ ಎಂಬುದು ನಿಶ್ಚಯ. ಅಂಗಡಿಯವನ ಲಾಭ, ಸಾಗಣೆ, ನೂಲು ಎಲ್ಲವನ್ನೂ ಕಳೆದು ಅವಳ ಪಾಲಿಗೆ ಉಳಿದದ್ದೆಷ್ಟು ಎಂದು ಎಣಿಸಲು ಗಣಿತದ ಪಾಂಡಿತ್ಯ ಬೇಕಿಲ್ಲ. ಇಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಸುಳ್ಳಲ್ಲ. ಅದು ನಿಜವಾಗಿರುವುದೇ ಸಂಕಟದ ಮೂಲ.

ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರವನ್ನು ನೋಡಿದರೆ ಈ ಸಂಕಟದ ಆಳ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳು ಅಲ್ಲಿನ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸನ್ನು ಕಲಿಸಿದರು. ಬಡವರಿಗೊಂದು ಆದಾಯವಾಗಲಿ ಎಂಬುದೇ ಉದ್ದೇಶ. ಕಾಲಕ್ರಮದಲ್ಲಿ ಆ ಲೇಸು ಪಶ್ಚಿಮ ದೇಶಗಳ ಊಟದ ಮೇಜುಗಳನ್ನು ಅಲಂಕರಿಸಿತು, ವ್ಯಾಪಾರಿಗಳು ಶ್ರೀಮಂತರಾದರು. ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕಸುಬಿನ ಒಳಮರ್ಮವನ್ನು ಬಯಲಿಗಿಟ್ಟಿತು. ದಿನವಿಡೀ ಲೇಸು ಹೆಣೆಯುತ್ತಿದ್ದ ಆ ಹೆಂಗಸರನ್ನು ಯಾರೂ ಕಾರ್ಮಿಕರೆಂದು ಕರೆಯುತ್ತಿರಲಿಲ್ಲ. ಅವರು ‘ಗೃಹಿಣಿಯರು’, ಅವರು ಮಾಡುತ್ತಿದ್ದುದು ‘ಬಿಡುವಿನ ವೇಳೆಯ ಕೆಲಸ’. ಈ ಎರಡು ಪದಗಳೇ ಅವರ ಕೂಲಿಯನ್ನು ಪಾತಾಳಕ್ಕೆ ತಳ್ಳಿದ್ದವು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹದಿನೈದು ಸಾವಿರಕ್ಕೂ ಮಿಕ್ಕ ಮಹಿಳೆಯರು ಆಗ ಈ ಕಸುಬಿನಲ್ಲಿದ್ದರು. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು, ಸಂತೋಷ. ಹೆಣೆಯುವವಳ ಕೂಲಿಗೆ ಸೂಚಕದ ಕಾಯಿದೆಯಲ್ಲಿ ಜಾಗವಿಲ್ಲ.

‘ಬಿಡುವಿನ ವೇಳೆ’ ಎಂಬ ಈ ಮಾತು ನಮ್ಮ ಬಾಯಲ್ಲಿಯೂ ಸಲೀಸಾಗಿ ಓಡಾಡುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹೊತ್ತಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ, ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಬಳಿಕ ಹನ್ನೊಂದರವರೆಗೆ ಯಂತ್ರ ತುಳಿಯುವ ತಾಯಿಯ ಯಾವ ಗಂಟೆಯನ್ನು ನಾವು ಬಿಡುವು ಎನ್ನುತ್ತಿದ್ದೇವೆ?

ಧರ್ಮಸಭೆಗೂ ಈ ಕಸುಬಿಗೂ ಇರುವ ನಂಟು ಹಳೆಯದು. ದಕ್ಷಿಣ ತಿರುವಾಂಕೂರಿನ ನಾಗರಕೋಯಿಲಿನಲ್ಲಿ 1820ರ ಸುಮಾರಿಗೆ ಪ್ರೊಟೆಸ್ಟೆಂಟ್ ಮಿಷನಿನ ಮಾರ್ಥಾ ಮಾಲ್ಟ್ ತೆರೆದ ಲೇಸು ಶಾಲೆಯಲ್ಲಿ ಜೀತದ ಮನೆಗಳ ಹುಡುಗಿಯರು ತಮ್ಮ ಲೇಸಿನ ದುಡ್ಡಿನಿಂದಲೇ ಬಿಡುಗಡೆಯನ್ನು ಕೊಂಡುಕೊಂಡರು. ಆ ಸೂಜಿ ಅವರಿಗೆ ಅಲಂಕಾರದ ಸಾಧನವಾಗಿರಲಿಲ್ಲ. ಅದೇ ಸೀಮೆಯ ಮುಳಗುಮೂಡಿಗೆ 1897ರಲ್ಲಿ ಬೆಲ್ಜಿಯಂನಿಂದ ಬಂದಿಳಿದ ಮದರ್ ಮೇರಿ ಲೂಯಿಸ್ ಡಿ ಮೀಸ್ಟರ್ ಅನಾಥ ಮಕ್ಕಳ ಆಶ್ರಯವನ್ನು ವಹಿಸಿಕೊಂಡು ನಿರ್ಮಲ ಹೃದಯ ಮರಿಯಮ್ಮನವರ ಮಿಷನರಿ ಭಗಿನಿಯರ ಸಭೆಗೆ ಅಸ್ತಿವಾರ ಹಾಕಿದರು. ಲೇಸು ಮತ್ತು ಕಸೂತಿ ಆ ಮಕ್ಕಳ ಕೈಗೆ ಬಂದ ವಿದ್ಯೆಯಾಯಿತು. ನಮ್ಮ ಕನ್ಯಾಮಠಗಳಲ್ಲಿಯೂ ಹೊಲಿಗೆ ತರಗತಿ ಇಲ್ಲದ ಮಠ ಅಪರೂಪವಾಗಿತ್ತು. ಬಲಿಪೀಠದ ವಸ್ತ್ರದ ಅಂಚಿನಲ್ಲಿ ಲೇಸು ಕೂಡಿಸುವ ವಯಸ್ಸಾದ ಧರ್ಮಭಗಿನಿಯರು ಇಂದು ಎಷ್ಟು ಮಂದಿ ಉಳಿದಿದ್ದಾರೋ! ಅವರ ಕೈಯ ವಿದ್ಯೆಯನ್ನು ಕಲಿಯಲು ಬರುವ ಹುಡುಗಿಯರು ಅವರಿಗಿಂತಲೂ ವಿರಳ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲೂಕುಗಳ ಸಿದ್ದಿ ಸಮುದಾಯದ ತಾಯಂದಿರ ಬಗೆಗೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳೂ ಮುಸಲ್ಮಾನರೂ ಕಥೋಲಿಕರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಮತಗಳು ಬೇರೆಯಾದರೂ ಕೌದಿ ಒಂದೇ. ಹಳೆಯ ಸೀರೆಯನ್ನು ಕೆಳಗೆ ಹಾಸಿ, ಮನೆಮಂದಿಯ ಸವೆದ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನವರೆಗೆ ಕೈಹೊಲಿಗೆಯಿಂದ ಕೂಡಿಸುತ್ತ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡಲೇಬೇಕು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಕಥೋಲಿಕ ಮನೆಗಳ ಕೌದಿಗಳಲ್ಲಿ ಶಿಲುಬೆಯ ಆಕಾರದ ತುಂಡುಗಳು ಕಾಣಿಸುತ್ತವೆ. ಮುಸ್ಲಿಂ ಮನೆಗಳಲ್ಲಿ ಅರ್ಧಚಂದ್ರ. ಹುಟ್ಟುವ ಮೊಮ್ಮಗುವಿಗಾಗಿ ಅಜ್ಜಿ ಹೊಲಿಯುವ ಸಣ್ಣ ಕೌದಿಗೆ ಬೇರೆಯೇ ಮಮತೆ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕಂದನನ್ನು ಪೂಜಿಸುವ ನಮಗೆ ಇದಕ್ಕಿಂತ ಹತ್ತಿರದ ಉಡುಗೊರೆ ಯಾವುದಿದ್ದೀತು?

2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಕೂಟವೊಂದು ಏರ್ಪಟ್ಟು, ಕೌದಿಗಳು ಅಲ್ಲಿನ ಪ್ರದರ್ಶನಾಲಯಗಳವರೆಗೆ ಹೋದವು. ಅನಂತರ ನಡೆದದ್ದು ನಮ್ಮ ಕಾಲದ ರೀತಿ. ‘ಕವಂದಿ’ ಎಂಬ ಹೆಸರಿನಲ್ಲಿ ಈ ಹೊಲಿಗೆಯ ಶೈಲಿ ಪಶ್ಚಿಮದ ಹೊಲಿಗೆಪ್ರಿಯರಲ್ಲಿ ಹಬ್ಬಿತು; ಅದನ್ನು ಕಲಿಸಲು ಶುಲ್ಕದ ತರಗತಿಗಳು ನಡೆಯುತ್ತಿವೆ. ವಿದ್ಯೆ ಹರಡುವುದು ಕೆಟ್ಟದ್ದಲ್ಲ. ಆ ತರಗತಿಗಳ ಅನೇಕ ಶಿಕ್ಷಕಿಯರು ಮೂಲದವರನ್ನು ಗೌರವದಿಂದಲೇ ನೆನೆಯುತ್ತಾರೆ. ಆದಾಗ್ಯೂ ಹಳಿಯಾಳದ ಕಾಡಂಚಿನ ಗೌಳಿವಾಡಗಳ ಪಕ್ಕದಲ್ಲಿ ಬದುಕುವ ತಾಯಿಗೆ ಅದರಿಂದ ಮುಟ್ಟುವುದೇನು ಎಂಬ ಪ್ರಶ್ನೆಯನ್ನು ಅಮೆರಿಕದವರಿಗಿಂತ ಮೊದಲು ನಾವು ಕೇಳಿಕೊಳ್ಳಬೇಕಾಗಿದೆ. ಕಾರವಾರ ಧರ್ಮಪ್ರಾಂತ್ಯದ ಈ ನಮ್ಮದೇ ವಿಶ್ವಾಸಿಗಳ ಕೌದಿಯನ್ನು ಬೆಂಗಳೂರಿನ, ಮಂಗಳೂರಿನ ಎಷ್ಟು ಕಥೋಲಿಕ ಮನೆಗಳು ಕೊಂಡಿವೆ?

ಶುಭಸಂದೇಶದ ಬೆಳಕಿನಲ್ಲಿ ನೋಡುವಾಗ ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದ ತಬಿಥಾಳನ್ನು ಮರೆಯಲಾಗದು. ಕಡಲತೀರದ ಯೊಪ್ಪ ಪಟ್ಟಣದ ಈ ಭಕ್ತೆ ತೀರಿಕೊಂಡಾಗ ಸಂತ ಪೇತ್ರರು ಬರುತ್ತಾರೆ. ಮೇಲುಪ್ಪರಿಗೆಯಲ್ಲಿ ಅಳುತ್ತ ನಿಂತಿದ್ದ ವಿಧವೆಯರು ಅವರಿಗೆ ತೋರಿಸುವುದು ಅವಳು ತಮಗಾಗಿ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಮೇಲುಡುಪುಗಳನ್ನೂ. ಬೇರಾವ ಗುಣಗಾನವೂ ಅವರಿಗೆ ಬೇಕಾಗಲಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಶಿಷ್ಯೆ’ ಎಂಬ ಸ್ತ್ರೀಲಿಂಗದ ಪದ ಬಳಕೆಯಾಗಿರುವುದು ಇವಳೊಬ್ಬಳಿಗೇ ಎಂದು ಬೈಬಲ್ ಪಂಡಿತರು ಗುರುತಿಸಿದ್ದಾರೆ. ತಬಿಥಾ ಕೊಟ್ಟದ್ದು ದಾನ. ಅವಳು ಕೂಲಿ ಕೇಳಲಿಲ್ಲ, ಸರಿ. ಆದರೆ ಆಕೆ ತನ್ನ ಶ್ರಮವನ್ನು ತಾನೇ ಕೊಟ್ಟಳು. ಬೇರೆಯವಳ ಶ್ರಮವನ್ನು ಅಗ್ಗಕ್ಕೆ ಕೊಂಡು ದಾನ ಮಾಡಲಿಲ್ಲ. ಈ ಭೇದವನ್ನು ನಾವು ಕಲಸಿಬಿಟ್ಟಿದ್ದೇವೆ.

ಕೂಲಿಯ ನ್ಯಾಯದ ಬಗೆಗೆ ಧರ್ಮಸಭೆಯ ಬೋಧನೆಯಲ್ಲಿ ಸಂದಿಗ್ಧವಿಲ್ಲ. ಹದಿಮೂರನೆಯ ಲಿಯೊ 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕೂಲಿಯನ್ನು ಬರೀ ಒಪ್ಪಂದಕ್ಕೆ ಬಿಟ್ಟರೆ ಸಾಲದು, ಅದು ಕಾರ್ಮಿಕನ ಬದುಕಿಗೆ ಸಾಲುವಂತಿರಬೇಕು ಎಂದು ಬೋಧಿಸಿದರು. ಎರಡನೆಯ ಜಾನ್ ಪಾಲರು 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ಪತ್ರದಲ್ಲಿ ಮಾಡಿದ ವಸ್ತುವಿಗಿಂತ ಮಾಡುವ ಮನುಷ್ಯನೇ ಮೊದಲು ಎಂದರು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹೆಚ್ಚಿನವರು ಹೊಲಿಗೆಯ ಹೆಣ್ಣುಮಕ್ಕಳು. ತಿಂಗಳಿಗೆ 38 ಯೂರೋ ಎಂಬ ಅವರ ಸಂಬಳದ ಸುದ್ದಿಯನ್ನು ಕೇಳಿದ ಪೋಪ್ ಫ್ರಾನ್ಸಿಸರು ಮೇ 1ರಂದು ಅದನ್ನು ಗುಲಾಮ ದುಡಿಮೆ ಎಂದೇ ಕರೆದರು. ಅವರ ಉತ್ತರಾಧಿಕಾರಿಯಾಗಿ 2025ರ ಮೇ 8ರಂದು ಆರಿಸಿಬಂದ ಹದಿನಾಲ್ಕನೆಯ ಲಿಯೊ ತಮ್ಮ ಹೆಸರನ್ನು ಆಯ್ದುಕೊಂಡದ್ದೇ ಆ 1891ರ ವಿಶ್ವಪತ್ರದ ನೆನಪಿನಿಂದ. ಅಂದು ಕೈಗಾರಿಕಾ ಕ್ರಾಂತಿ, ಇಂದು ಕೃತಕ ಬುದ್ಧಿಮತ್ತೆ. ಮನುಷ್ಯನ ಕೈಗೆ ಉಳಿಯುವ ಸ್ಥಾನವೇನು ಎಂಬುದೇ ಎರಡರಲ್ಲಿಯೂ ಇರುವ ಕಳವಳ.

ಇಷ್ಟೆಲ್ಲ ಹೇಳಿದ ಮೇಲೆ ಅಜ್ಜಿಯೊಬ್ಬಳು ಕೆನಡಾದಲ್ಲಿರುವ ಮೊಮ್ಮಗನಿಗೆ ಹೆಣೆಯುವ ಕುಲಾವಿಯ ಮೇಲೂ ಕೂಲಿಯ ಲೆಕ್ಕ ಹಾಕಬೇಕೆ ಎಂದು ಯಾರಾದರೂ ನಕ್ಕಾರು. ಬೇಡ. ಅದು ಲೆಕ್ಕವನ್ನು ಮೀರಿದ್ದು. ಡಿಸೆಂಬರಿನಲ್ಲಿಯೂ ಬೆವರಿಳಿಯುವ ಮಂಗಳೂರಿನಲ್ಲಿ ಕುಳಿತು ಉಣ್ಣೆ ಹೆಣೆಯುವ ಅಜ್ಜಿಯ ತಾಳ್ಮೆಯನ್ನು ರೂಪಾಯಿಯಲ್ಲಿ ಅಳೆಯುವುದು ಸಲ್ಲದು. ಕುಸ್ವಾರಿನ ನೆವ್ರಿಯನ್ನೂ ಕಿಡಿಯೊವನ್ನೂ ಮನೆಮಂದಿಯೆಲ್ಲ ಕುಳಿತು ಮಾಡಿ ಬೇಲಿಯಾಚೆಯ ಹಿಂದೂ, ಮುಸ್ಲಿಂ ನೆರೆಯವರಿಗೆ ಹಂಚುವಾಗ ಯಾರೂ ಗಂಟೆ ಎಣಿಸುವುದಿಲ್ಲ. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚೊದಲ್ಲಿ ಸಹಿ ಹಾಕಿದ ಪತ್ರದಲ್ಲಿ ಮನೆಯವರು ಒಟ್ಟುಗೂಡಿ ಗೋದಲಿ ಕಟ್ಟುವ ಸಂಪ್ರದಾಯವನ್ನು ಎತ್ತಿಹಿಡಿದದ್ದೂ ಇದೇ ಅರ್ಥದಲ್ಲಿ. ಮಕ್ಕಳ ಕೈಗೆ ಸೂಜಿ ಕೊಟ್ಟು, ಹಳೆಯ ಬಟ್ಟೆಯಿಂದ ಒಂದು ಕುರಿಯನ್ನೋ ದೇವದೂತನನ್ನೋ ಹೊಲಿಸಿದರೆ ಹುಡುಗರಿಗೂ ಹುಡುಗಿಯರಿಗೂ ಒಂದು ಅಂಗಿಯ ಹಿಂದೆ ಎಷ್ಟು ಕೆಲಸವಿದೆಯೆಂಬುದು ಬೆರಳ ತುದಿಯಿಂದಲೇ ತಿಳಿಯುತ್ತದೆ. ಹುಡುಗರಿಗೂ ಎಂದು ಬೇಕೆಂದೇ ಬರೆದಿದ್ದೇನೆ. ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದ ಸಂತ ಪೌಲರು ಗಂಡಸೇ ಆಗಿದ್ದರು.

ಪ್ರಶ್ನೆ ಏಳುವುದು ವಸ್ತುವು ಮಾರಾಟದ ಮೇಜನ್ನು ಏರಿದಾಗ. ಮೇಳದ ಹಣ ಬಡವರ ನಿಧಿಗೇ ಹೋಗುತ್ತದೆ, ಆದ್ದರಿಂದ ತಾಯಂದಿರು ಉಚಿತವಾಗಿ ಮಾಡಿಕೊಡಲಿ ಎಂಬ ವಾದವನ್ನು ಸಂಘಟನೆಗಳ ಸಭೆಗಳಲ್ಲಿ ಕೇಳುತ್ತೇವೆ. ಅನುಕೂಲವಂತ ಮನೆಯವರು ಹಾಗೆ ಕೊಟ್ಟರೆ ಅದು ಪುಣ್ಯದ ಕೆಲಸವೇ. ಚೆನ್ನೈಯಲ್ಲಿ 2016ರ ಜನವರಿಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗದ ಮಹಿಳೆಯರು 11,148.5 ಚದರ ಮೀಟರಿನ ಕ್ರೋಶಾ ಕಂಬಳಿ ಹೆಣೆದು ಗಿನ್ನೆಸ್ ದಾಖಲೆ ಮಾಡಿ, ಅನಂತರ ಅದನ್ನು ಬಿಡಿಬಿಡಿ ಕಂಬಳಿಗಳಾಗಿಸಿ ನಿರ್ಗತಿಕರಿಗೆ ಹಂಚಿದರು. ಆದರೆ ಉಚಿತವಾಗಿ ಕೊಟ್ಟ ವಸ್ತುವು ಅಗ್ಗದ ಬೆಲೆಗೆ ಪಕ್ಕದ ಮೇಜಿನಲ್ಲಿದ್ದರೆ, ಅದರಿಂದಲೇ ಜೀವನ ಸಾಗಿಸುವ ವಿಧವೆಯ ವಸ್ತು ಮಾರಾಟವಾಗುವುದಿಲ್ಲ. ಬಡವರ ನಿಧಿಗಾಗಿ ನಡೆದ ಮೇಳವು ಊರಿನ ಬಡ ಹೊಲಿಗೆಯವಳ ಹೊಟ್ಟೆಗೇ ಪೈಪೋಟಿಯಾಗುವುದು ಯಾರೂ ಬಯಸಿ ಮಾಡಿದ್ದಲ್ಲ. ಆದರೂ ಆಗುತ್ತಿದೆ. ದಾನದ ವಸ್ತುವಿಗೂ ಪೂರ್ಣ ಬೆಲೆಯನ್ನೇ ಇಡಬೇಕೆಂಬುದು ನನ್ನ ಅಭಿಪ್ರಾಯ. ಮಾಡಿದವಳ ಗಂಟೆಗಳನ್ನು ಚೀಟಿಯ ಮೇಲೆ ಬರೆಯಲಿ: ‘25 ಗಂಟೆ, 1,350 ರೂಪಾಯಿ’. ಚೌಕಾಸಿ ಮಾಡಲು ಬಂದವರು ಒಂದು ಕ್ಷಣ ನಿಂತು ಓದುತ್ತಾರೆ.

ಸರಕಾರದ ನೆರವಿನ ಬಾಗಿಲುಗಳಲ್ಲಿ ಕೆಲವು ತೆರೆದಿವೆ, ಕೆಲವು ಅರ್ಧ ತೆರೆದಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯ ಕೆಲಸವಿದೆ, ಮೀನುಬಲೆ ಹೆಣೆಯುವ ಕೆಲಸವೂ ಇದೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಸಾಲ ಎಂಬುದು ಅದರ ರೂಪುರೇಷೆ. ಉಣ್ಣೆಯ ಹೆಣಿಗೆಯಾಗಲಿ ಕ್ರೋಶಾವಾಗಲಿ ಕೌದಿಯಾಗಲಿ ಪ್ರತ್ಯೇಕ ಕಸುಬಾಗಿ ಅಲ್ಲಿ ಕಾಣಿಸುವುದಿಲ್ಲ. ಸರಕುಗಳನ್ನು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಊರಿನೊಳಗಿನ ಮಾರಾಟಕ್ಕೆ ತೆರಿಗೆ ನೋಂದಣಿಯ ಗೊಡವೆಯಿಲ್ಲ ಎಂಬುದನ್ನು ತಿಳಿಯದೆ ಹಿಂಜರಿಯುವ ಹೆಂಗಸರೂ ಇದ್ದಾರೆ. ಧರ್ಮಕೇಂದ್ರದ ಸೇವಾ ಆಯೋಗದಲ್ಲಿ ಲೆಕ್ಕಪತ್ರ ಬಲ್ಲ ಒಬ್ಬರು ಭಾನುವಾರದ ಬಲಿಪೂಜೆಯ ಬಳಿಕ ಅರ್ಧ ಗಂಟೆ ಕುಳಿತರೆ ಈ ತಿಳಿವಳಿಕೆ ಮನೆಮನೆಗೆ ಮುಟ್ಟುತ್ತದೆ.

ಕೊನೆಗೆ ಒಂದು ವ್ಯಾವಹಾರಿಕ ಸಂಗತಿ. ನವೆಂಬರ್ ತಿಂಗಳ ಕೊನೆಯಲ್ಲಿ ಓಡಿಹೋಗಿ ಇಪ್ಪತ್ತು ಕುಲಾವಿ ಬೇಕೆಂದರೆ ಹೆಣೆಯುವವಳು ನಿದ್ದೆಗೆಟ್ಟು ಕಣ್ಣು ಕೆಡಿಸಿಕೊಳ್ಳುತ್ತಾಳೆ, ಇಲ್ಲವೆ ಬೇಡಿಕೆ ಪೇಟೆಗೆ ಹೋಗುತ್ತದೆ. ಕರಾವಳಿಯಲ್ಲಿ ಕೈಗೆಲಸಕ್ಕೆ ಹೇಳಿಮಾಡಿಸಿದ ಕಾಲ ಮಳೆಗಾಲ. ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಮೀನುಗಾರ ಮನೆಗಳಲ್ಲಿ ಕೈಯೂ ಬರಿದು, ಕಿಸೆಯೂ ಬರಿದು. ಕ್ರಿಸ್ಮಸ್ ಮೇಳಕ್ಕೆ ಬೇಕಾದುದನ್ನು ಜೂನ್ ತಿಂಗಳಲ್ಲಿಯೇ ಗೊತ್ತುಪಡಿಸಿ, ನೂಲನ್ನೂ ಮುಂಗಡದ ಅರ್ಧ ಹಣವನ್ನೂ ಆಗಲೇ ಕೊಟ್ಟರೆ ಶಾಲೆ ತೆರೆಯುವ ದಿನಗಳ ಖರ್ಚಿಗೂ ಅದು ಒದಗುತ್ತದೆ. ಮುಂಗಡಕ್ಕೆ ಬೇಕಾದ ಮೂಲಧನವನ್ನು ಈ ವರ್ಷದ ಮೇಳದ ಉಳಿತಾಯದಿಂದ ಬೇರೆಯಾಗಿ ತೆಗೆದಿಡುವ ನಿರ್ಣಯವನ್ನು ಜನವರಿಯ ಪಾಲನಾ ಪರಿಷತ್ತಿನ ಸಭೆಯಲ್ಲಿ ಕೈಗೊಳ್ಳಬಹುದು.